ಹೊಲಿದು ಒಳಗೆ ಬಿಡುವುದೋ, ಹೊರಗೆ ತರುವುದೋ: 1981ರ ಒಂದು ದೊಡ್ಡ ಕರುಳಿನ ಗಾಯದ ಪ್ರಕರಣ

1981ರ ಮೇ 13, ಬುಧವಾರ ಸಂಜೆ 5 ಗಂಟೆ 17 ನಿಮಿಷ. ವ್ಯಾಟಿಕನ್‌ನ ಸಂತ ಪೇತ್ರರ ಚೌಕದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಿಳಿ ಬಣ್ಣದ ತೆರೆದ ಫಿಯೆಟ್ ಜೀಪಿನಲ್ಲಿ ನಿಂತು ಜನರತ್ತ ಕೈ ಚಾಚುತ್ತ ಬರುತ್ತಿದ್ದರು. ಗುಂಪಿನಲ್ಲಿದ್ದ ಮೆಹ್ಮೆತ್ ಅಲಿ ಅಗ್ಜಾ ಎಂಬ ತುರ್ಕಿಯ ಯುವಕ 9 ಎಂಎಂ ಬ್ರೌನಿಂಗ್ ಪಿಸ್ತೂಲಿನಿಂದ ಅವರ ಮೇಲೆ ಗುಂಡು ಹಾರಿಸಿದ. ಕೈಗೂ ಪೆಟ್ಟಾಯಿತು, ಎಡಗೈ ತೋರುಬೆರಳು ಮುರಿಯಿತು. ಆದರೆ ಜೀವಕ್ಕೆ ಕುತ್ತು ತಂದಿದ್ದು ಹೊಟ್ಟೆ ಹೊಕ್ಕ ಗುಂಡು. ಆಗ ಅವರಿಗೆ 60 ವರ್ಷ. ಐದು ದಿನ ಕಳೆದಿದ್ದರೆ 61.

ಆ ಗುಂಡಿನ ಹಿಂದೆ ಯಾರಿದ್ದರು, ಏನು ಸಂಚು ಎಂಬ ಬಗ್ಗೆ ರಾಶಿ ರಾಶಿ ಬರೆದಿದ್ದಾರೆ. ಅದು ಇಲ್ಲಿ ಬೇಡ. ಇಲ್ಲಿ ನೋಡುವುದು ಗುಂಡು ಒಳಗೆ ಮಾಡಿದ್ದೇನು, ಸರ್ಜನ್‌ಗಳು ಅದಕ್ಕೆ ಮಾಡಿದ್ದೇನು, ಅದನ್ನೇ ಯಾಕೆ ಮಾಡಿದರು ಎಂಬುದನ್ನು. ದೊಡ್ಡ ಕರುಳಿಗೆ ಗಾಯವಾದ ರೋಗಿಯಲ್ಲಿ ಬರಬಹುದಾದ ಬಹುತೇಕ ಎಲ್ಲ ಪ್ರಶ್ನೆಗಳೂ ಈ ಒಬ್ಬ ರೋಗಿಯಲ್ಲಿ ಬಂದವು. ರೋಗಿ ಅಷ್ಟು ದೊಡ್ಡ ವ್ಯಕ್ತಿಯಾದ್ದರಿಂದ ಒಂದೊಂದು ಹಂತವೂ ದಾಖಲಾಗಿದೆ. ಇಂಥ ಗಾಯದ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಮೊದಲ ಒಂದು ಗಂಟೆ

ಜೀಪಿನಲ್ಲಿ ಪೋಪ್ ಹಿಂದಕ್ಕೆ ಕುಸಿದಾಗ ಹಿಡಿದುಕೊಂಡವರು ಅವರ ಕಾರ್ಯದರ್ಶಿ ಸ್ತಾನಿಸ್ವಾವ್ ಜೀವಿಶ್. ಅಲ್ಲಿಂದ ಆಂಬುಲೆನ್ಸ್‌ನಲ್ಲಿ ನೇರ ಜೆಮೆಲ್ಲಿ ಆಸ್ಪತ್ರೆಗೆ. ಸಂಜೆಯ ಟ್ರಾಫಿಕ್ ನಡುವೆಯೂ ಎಂಟು ನಿಮಿಷದಲ್ಲಿ ತಲುಪಿದರು ಎಂದು ಜೀವಿಶ್ ಆಮೇಲೆ ಹೇಳಿಕೊಂಡಿದ್ದಾರೆ. ಹತ್ತಿರದ ಯಾವುದೋ ಚಿಕ್ಕ ಆಸ್ಪತ್ರೆಗೆ ನುಗ್ಗದೆ, ದೊಡ್ಡ ಆಪರೇಷನ್ ಮಾಡುವ ತಾಕತ್ತಿರುವ ಕಡೆಗೇ ಹೋಗಿದ್ದು ಒಳ್ಳೆಯದಾಯಿತು. ಹೊಟ್ಟೆಯೊಳಗೆ ರಕ್ತ ಸುರಿಯುತ್ತಿರುವವರಿಗೆ ಡ್ರಿಪ್ ಹಾಕಿ ಕಾಯುವುದರಿಂದ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದ ಔಷಧ ಒಂದೇ, ಆಪರೇಷನ್ ಥಿಯೇಟರ್.

ಸರ್ಜನ್ ಫ್ರಾಂಚೆಸ್ಕೊ ಕ್ರುಚಿಟ್ಟಿ ಆಗ ಬೇರೆ ಆಸ್ಪತ್ರೆಯಲ್ಲಿದ್ದರು. ಸುದ್ದಿ ಕೇಳಿದ್ದೇ ಕಾರು ಓಡಿಸಿಕೊಂಡು ಬಂದರು. ಆರು ಗಂಟೆಯ ಹೊತ್ತಿಗೆ ಆಪರೇಷನ್ ಶುರುವಾಗಿತ್ತು. ಅಂದರೆ ಗುಂಡು ಬಿದ್ದು ಮುಕ್ಕಾಲು ಗಂಟೆ ಅಷ್ಟೇ. ಈ ಮುಕ್ಕಾಲು ಗಂಟೆಯ ಲೆಕ್ಕ ಮುಂದೆ ಬೇಕಾಗುತ್ತದೆ.

ಟೇಬಲ್ ಮೇಲೆ ಬಿ.ಪಿ. ಇಳಿಯುತ್ತಲೇ ಇತ್ತು. ಪರಿಸ್ಥಿತಿ ಎಷ್ಟು ಕೆಟ್ಟಿತ್ತೆಂದರೆ ಜೀವಿಶ್ ಅಲ್ಲೇ ರೋಗಿಗಳಿಗೆ ಕೊಡುವ ತೈಲಲೇಪನದ ಸಂಸ್ಕಾರ ಮುಗಿಸಿದರು. ಮೊದಲು ಕೊಟ್ಟ ರಕ್ತ ಮೈಗೆ ಹಿಡಿಯಲಿಲ್ಲ, ಆಮೇಲೆ ಆಸ್ಪತ್ರೆಯ ಡಾಕ್ಟರುಗಳೇ ರಕ್ತ ಕೊಟ್ಟರು ಎಂದೂ ಅವರು ನೆನಪಿಸಿಕೊಂಡಿದ್ದಾರೆ.

ಹೊಟ್ಟೆ ತೆರೆದಾಗ

ತೆರೆದ ಕೂಡಲೇ ಕಂಡಿದ್ದು ಕರುಳಲ್ಲ, ರಕ್ತ. ಸುಮಾರು 3 ಲೀಟರ್ ಎಂದು ಕ್ರುಚಿಟ್ಟಿ ಅಂದಾಜು ಮಾಡಿದರು. ದೊಡ್ಡವರ ಮೈಯಲ್ಲಿ ಇರುವುದೇ 5 ಲೀಟರ್ ಚಿಲ್ಲರೆ. ಅರ್ಧಕ್ಕಿಂತ ಹೆಚ್ಚು ರಕ್ತ ಇರಬೇಕಾದ ಜಾಗ ಬಿಟ್ಟು ಹೊಟ್ಟೆಯಲ್ಲಿ ನಿಂತಿತ್ತು.

ಇಂಥ ಹೊತ್ತಿನಲ್ಲಿ ಸರ್ಜನ್ ಕರುಳಿನ ತೂತು ಹುಡುಕುತ್ತ ಕೂರುವುದಿಲ್ಲ. ಮೊದಲು ರಕ್ತ ನಿಲ್ಲಬೇಕು. ಸಕ್ಷನ್‌ನಲ್ಲಿ ಎಳೆಯುವುದು, ದಪ್ಪ ಬಟ್ಟೆಯ ಪ್ಯಾಡ್‌ಗಳನ್ನು ಹೊಟ್ಟೆಯ ಮೂಲೆ ಮೂಲೆಗೆ ತುರುಕಿ ಒತ್ತುವುದು, ಮತ್ತೆ ಒಂದೊಂದಾಗಿ ತೆಗೆಯುತ್ತ ಎಲ್ಲಿಂದ ಉಕ್ಕುತ್ತಿದೆ ಅಂತ ನೋಡುವುದು. ಕ್ರುಚಿಟ್ಟಿ ಮಾಡಿದ್ದೂ ಅದನ್ನೇ. ಎಳೆದು, ಒರೆಸಿ, ಒತ್ತಿ, ಕೊನೆಗೆ ರಕ್ತ ಬರುತ್ತಿದ್ದ ಕಡೆಗಳನ್ನು ಹಿಡಿದರು. ಆಮೇಲಷ್ಟೇ ಬಿ.ಪಿ. ಏರತೊಡಗಿತು. ಉಳಿದ ಕೆಲಸಕ್ಕೆ ಸಮಯ ಸಿಕ್ಕಿದ್ದು ಆಗ.

ಗುಂಡು ದೊಡ್ಡ ರಕ್ತನಾಳಗಳ ಪಕ್ಕದಲ್ಲೇ, ಕೆಲವೇ ಮಿಲಿಮೀಟರ್ ಅಂತರದಲ್ಲಿ ಹಾದುಹೋಗಿತ್ತು. ಬೆನ್ನಿನ ಬುಡದಲ್ಲಿರುವ ತ್ರಿಕಾಸ್ಥಿಯನ್ನು ದಾಟಿ ಹೊರಬಿದ್ದಿತ್ತು. ಅದು ಆಮೇಲೆ ಜೀಪಿನಲ್ಲೇ ಸಿಕ್ಕಿತು. ಈಗ ಅದು ಪೋರ್ಚುಗಲ್‌ನ ಫಾತಿಮಾದಲ್ಲಿರುವ ಮಾತೆ ಮರಿಯಳ ಪ್ರತಿಮೆಯ ಕಿರೀಟದಲ್ಲಿದೆ. ದೊಡ್ಡ ನಾಳಕ್ಕೇ ತಾಗಿದ್ದರೆ ಆಂಬುಲೆನ್ಸ್ ಎಷ್ಟು ಜೋರಾಗಿ ಓಡಿದ್ದರೂ ಪ್ರಯೋಜನವಿರಲಿಲ್ಲ. ಇದನ್ನು ಪೋಪ್ ದೈವಕೃಪೆ ಎಂದರು. ಸರ್ಜನ್‌ಗಳು ಗುಂಡಿನ ದಾರಿ ಅನ್ನುತ್ತಾರೆ. ಇಬ್ಬರೂ ಜಗಳವಾಡುವ ಅಗತ್ಯವಿಲ್ಲ.

ರಕ್ತ ನಿಂತ ಮೇಲೆ ಕರುಳಿನ ತಪಾಸಣೆ. ಸಣ್ಣ ಕರುಳು ಸುಮಾರು 6 ಮೀಟರ್, ದೊಡ್ಡ ಕರುಳು ಒಂದೂವರೆ ಮೀಟರ್. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೇಣು ಗೇಣಾಗಿ ಎರಡೂ ಕೈಯಲ್ಲಿ ಹಿಡಿದು, ಮಗುಚಿ ನೋಡಬೇಕು. ಇಲ್ಲೊಂದು ಹಳೆಯ ನಿಯಮವಿದೆ. ಗುಂಡೇಟಿನಲ್ಲಿ ಕರುಳಿನ ತೂತುಗಳು ಜೋಡಿಯಲ್ಲಿ ಸಿಗಬೇಕು. ಒಳಗೆ ಹೋಗಿದ್ದು ಹೊರಗೂ ಬಂದಿರಬೇಕು, ಅಲ್ವಾ? ಎಣಿಸಿದಾಗ ಏಳೋ ಒಂಬತ್ತೋ ಸಿಕ್ಕರೆ ಒಂದು ಎಲ್ಲೋ ಕಣ್ಣು ತಪ್ಪಿಸಿದೆ ಎಂದುಕೊಂಡು ಮತ್ತೆ ಹುಡುಕಬೇಕು. ಗುಂಡು ಬದಿಯನ್ನು ಸವರಿಕೊಂಡು ಹೋಗಿದ್ದರೆ ಒಂದೇ ತೂತು ಇರಬಹುದು ನಿಜ. ಆದರೆ ಹುಡುಕದೆ ಹಾಗೆ ಅಂದುಕೊಳ್ಳುವಂತಿಲ್ಲ.

ಕಣ್ಣು ತಪ್ಪಿಸುವ ಜಾಗಗಳೂ ಗೊತ್ತಿರುವಂಥವೇ. ಸಣ್ಣ ಕರುಳಿಗೆ ರಕ್ತನಾಳಗಳನ್ನು ತಂದುಕೊಡುವ ಒಂದು ಪೊರೆ ಇದೆ. ಅದಕ್ಕೆ ಮೆಸೆಂಟರಿ ಅನ್ನುತ್ತಾರೆ. ಅದು ಕರುಳಿನ ಉದ್ದಕ್ಕೂ ಸೀರೆಯ ನೆರಿಗೆಯ ಹಾಗೆ ಮಡಚಿಕೊಂಡಿರುತ್ತದೆ. ಆ ಪೊರೆ ಕರುಳಿಗೆ ಅಂಟುವ ಅಂಚಿನಲ್ಲಿ, ಕೊಬ್ಬಿನ ಒಳಗೆ ತೂತು ಅಡಗಿಬಿಡುತ್ತದೆ. ದೊಡ್ಡ ಕರುಳಿನ ಬಲ ಎಡ ಭಾಗಗಳ ಹಿಂಬದಿ ಬೆನ್ನಿನ ಗೋಡೆಗೆ ಅಂಟಿಕೊಂಡಿರುತ್ತದೆ. ಬಿಡಿಸಿ ಮುಂದಕ್ಕೆ ತಿರುಗಿಸದೆ ಅದು ಕಾಣುವುದೇ ಇಲ್ಲ. ಬಿಟ್ಟುಹೋದ ಒಂದು ತೂತು ಸಾಕು, ಉಳಿದ ಎಲ್ಲ ಹೊಲಿಗೆ ದಂಡ.

ಪೋಪ್ ಅವರ ಸಣ್ಣ ಕರುಳಿನಲ್ಲಿ ಹಲವು ಕಡೆ ಗಾಯವಿತ್ತು. ಮೆಸೆಂಟರಿಯೂ ಹರಿದಿತ್ತು. ದೊಡ್ಡ ಕರುಳೂ ತೂತಾಗಿತ್ತು. ಕೆಲವು ಗಾಯ ಗುಂಡು ನೇರ ತಾಗಿ ಆದದ್ದು, ಕೆಲವು ಗುಂಡಿನ ವೇಗದ ಒತ್ತಡಕ್ಕೆ ಕರುಳು ಸಿಡಿದು ಆದದ್ದು. ಸುಮಾರು 55 ಸೆಂಟಿಮೀಟರ್ ಕರುಳನ್ನು ಕತ್ತರಿಸಿ ತೆಗೆದರು. ಮಿಕ್ಕ ಕಡೆ ಹೊಲಿಗೆ ಹಾಕಿದರು. ಹೊಟ್ಟೆಯನ್ನು ತೊಳೆದರು. ಒಟ್ಟು ಐದು ಗಂಟೆಗೂ ಮೀರಿದ ಆಪರೇಷನ್.

ಸಣ್ಣ ಕರುಳಿನ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಕತ್ತರಿಸಿ ಜೋಡಿಸಿದರೆ ಸಾಮಾನ್ಯವಾಗಿ ಹಿಡಿದುಕೊಳ್ಳುತ್ತದೆ. ರಕ್ತ ಸಂಚಾರ ಚೆನ್ನಾಗಿದೆ, ಒಳಗಿರುವುದು ನೀರಿನಂಥ ಪದಾರ್ಥ. ದೊಡ್ಡ ಕರುಳಿನ ವಿಷಯವೇ ಬೇರೆ. ಅದರ ಗೋಡೆ ತೆಳು, ರಕ್ತ ಸಂಚಾರ ಕಮ್ಮಿ. ಒಳಗಿರುವುದು ಮಲ, ಅದರ ಒಂದೊಂದು ಗ್ರಾಂನಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ. ಹೊಲಿಗೆ ಬಿಟ್ಟುಕೊಂಡರೆ ಅಷ್ಟೂ ಹೊಟ್ಟೆಯೊಳಗೆ. ಅದು ಬಿಡುವುದೂ ತಕ್ಷಣವಲ್ಲ. ಸಾಮಾನ್ಯವಾಗಿ ಐದನೇ ದಿನವೋ ಏಳನೇ ದಿನವೋ. ರೋಗಿ ಎದ್ದು ಕೂತು, ಮನೆಯವರು ಉಸಿರು ಬಿಟ್ಟ ಮೇಲೆ ಜ್ವರ ಬರುತ್ತದೆ, ಹೊಟ್ಟೆ ಕಲ್ಲಾಗುತ್ತದೆ. ಹೊಟ್ಟೆ ತೆರೆದ ರಾತ್ರಿಯೇ ಸರ್ಜನ್ ಯೋಚಿಸಬೇಕಾದದ್ದು ಆ ಏಳನೇ ದಿನದ ಬಗ್ಗೆ.

ಆ ರಾತ್ರಿಯ ನಿರ್ಧಾರ

ದೊಡ್ಡ ಕರುಳಿನ ತೂತನ್ನು ಹೊಲಿಯುವುದು ಕೈಕೆಲಸದ ಮಟ್ಟಿಗೆ ದೊಡ್ಡ ವಿದ್ಯೆಯೇನಲ್ಲ. ಸತ್ತ ಅಂಚನ್ನು ಕತ್ತರಿಸಿ, ರಕ್ತ ಜಿನುಗುವ ಆರೋಗ್ಯವಾದ ಅಂಚು ಸಿಗುವವರೆಗೆ ಹೋಗಬೇಕು. ಹೊಲಿಗೆಯ ಸಾಲು ಕರುಳಿನ ಉದ್ದಕ್ಕೆ ಬಾರದೆ ಅಡ್ಡಕ್ಕೆ ಬರಬೇಕು, ಇಲ್ಲದಿದ್ದರೆ ಕರುಳು ಅಲ್ಲಿ ಕಿರಿದಾಗುತ್ತದೆ. ಒಂದು ಪದರವೋ ಎರಡು ಪದರವೋ ಅನ್ನುವುದು ಅವರವರ ಅಭ್ಯಾಸ. ಎಳೆತ ಇರಬಾರದು, ಗಂಟು ಬಿಗಿಯಾಗಿ ಅಂಗಾಂಶವನ್ನು ಕೊಯ್ಯಬಾರದು. ಇಷ್ಟನ್ನು ಯಾವ ಪಿ.ಜಿ. ವಿದ್ಯಾರ್ಥಿಯೂ ಕಲಿಯುತ್ತಾನೆ.

ಕಷ್ಟ ಇರುವುದು ಮುಂದಿನ ಪ್ರಶ್ನೆಯಲ್ಲಿ. ಹೊಲಿದದ್ದನ್ನು ನಂಬಿ ಒಳಗೆ ಬಿಡುವುದಾ? ಅಥವಾ ಮಲ ಆ ಹೊಲಿಗೆಯವರೆಗೆ ಬಾರದ ಹಾಗೆ, ಮೇಲಿನ ಕರುಳನ್ನು ಹೊಟ್ಟೆಯ ಚರ್ಮಕ್ಕೆ ತಂದು ಬಾಯಿ ಮಾಡಿ ಬಿಡುವುದಾ? ಎರಡನೆಯದೇ ಕೊಲೊಸ್ಟಮಿ. ನಮ್ಮ ವಾರ್ಡುಗಳಲ್ಲಿ ಜನ ಹೇಳುವಂತೆ ‘ಹೊಟ್ಟೆ ಮೇಲೆ ಸಂಡಾಸ್ ಬ್ಯಾಗ್’.

ಕ್ರುಚಿಟ್ಟಿ ತಾತ್ಕಾಲಿಕ ಕೊಲೊಸ್ಟಮಿ ಮಾಡಿದರು.

ಅದು ಸರಿಯೇ? ಇವತ್ತಿನ ವೈದ್ಯರಲ್ಲಿ ಕೆಲವರು ಸುಮ್ನೆ ‘ಅದು ಹಳೇ ಕಾಲದ ಪದ್ಧತಿ’ ಎಂದುಬಿಡುತ್ತಾರೆ. ಹಾಗೆ ಹೇಳುವ ಮುಂಚೆ 1981ರ ಮೇ ತಿಂಗಳಲ್ಲಿ ಸರ್ಜನ್‌ಗಳಿಗೆ ಏನು ಗೊತ್ತಿತ್ತು ಅಂತ ನೋಡಬೇಕು.

ಮೊದಲ ಮಹಾಯುದ್ಧದಲ್ಲಿ ದೊಡ್ಡ ಕರುಳಿಗೆ ಗಾಯವಾದ ಸೈನಿಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಾಯುತ್ತಿದ್ದರು. ಆಗ ಹೊಲಿದು ಒಳಗೆ ಬಿಡುವುದೇ ರೂಢಿ. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಕೆಲಸ ಮಾಡಿದ ಬ್ರಿಟಿಷ್ ಸರ್ಜನ್ ಹೆನೇಜ್ ಓಗಿಲ್ವಿ, ಗಾಯವಾದ ದೊಡ್ಡ ಕರುಳನ್ನು ಹೊರಗೆ ತರಲೇಬೇಕು ಎಂದು ಗಟ್ಟಿಯಾಗಿ ಹೇಳಿದರು. 1943ರಲ್ಲಿ ಅಮೆರಿಕ ಸೇನೆಯ ಸರ್ಜನ್ ಜನರಲ್ ಕಚೇರಿ ಅದನ್ನೇ ಆದೇಶವಾಗಿ ಹೊರಡಿಸಿತು. ಸಾವು ಕಮ್ಮಿಯಾಯಿತು. ಆದರೆ ಅದೇ ಹೊತ್ತಿನಲ್ಲಿ ರಕ್ತ ಕೊಡುವುದು ಸುಧಾರಿಸಿತ್ತು, ಪೆನಿಸಿಲಿನ್ ಬಂದಿತ್ತು, ಗಾಯಾಳುಗಳು ಬೇಗ ಟೇಬಲ್ ಮೇಲೆ ಬರುತ್ತಿದ್ದರು. ಪುಣ್ಯ ಪೂರ್ತಿ ಕೊಲೊಸ್ಟಮಿಯದೇ ಎನ್ನುವುದು ಸ್ವಲ್ಪ ಅತಿ. ಆದರೂ ಆದೇಶ ಆದೇಶವೇ. ಯುದ್ಧ ಮುಗಿಸಿ ಊರಿಗೆ ಬಂದ ಸರ್ಜನ್‌ಗಳು ಅದನ್ನು ಊರಿನ ಆಸ್ಪತ್ರೆಗೂ ತಂದರು.

ಊರಿನ ಚಾಕು ಇರಿತವೂ ರಣರಂಗದ ಗುಂಡೂ ಒಂದೇ ಅಲ್ಲ ಅಂತ ಮೊದಲು ತಿರುಗಿಬಿದ್ದವರು ನ್ಯೂ ಆರ್ಲಿಯನ್ಸ್‌ನ ವುಡ್‌ಹಾಲ್ ಮತ್ತು ಆಕ್ಸ್‌ನರ್. ಅದು 1951ರಲ್ಲಿ. ಊರಿನ ಗಾಯಾಳುಗಳಲ್ಲಿ ಹೊಲಿದು ಒಳಗೇ ಬಿಟ್ಟರೂ ನಡೆಯುತ್ತದೆ ಎಂದು ತೋರಿಸಿದರು. ಆದರೂ ಹೆಚ್ಚಿನವರು ಧೈರ್ಯ ಮಾಡಲಿಲ್ಲ. ಗಟ್ಟಿ ಪುರಾವೆ ಬಂದದ್ದು 1979ರಲ್ಲಿ, ಅಟ್ಲಾಂಟಾದ ಹಾರ್ಲನ್ ಸ್ಟೋನ್ ಮತ್ತು ತಿಮೋತಿ ಫೇಬಿಯನ್ ಅವರಿಂದ. ಅಂದರೆ ಪೋಪ್ ಮೇಲೆ ಗುಂಡು ಬೀಳುವ ಹೊತ್ತಿಗೆ ಅದಕ್ಕೆ ಎರಡು ವರ್ಷವೂ ತುಂಬಿರಲಿಲ್ಲ.

ಅವರು 268 ರೋಗಿಗಳನ್ನು ನೋಡಿದರು. ಕೆಲವು ಷರತ್ತು ಹಾಕಿ 139 ಜನರನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹೊಲಿಗೆ, ಇನ್ನೊಂದಕ್ಕೆ ಕೊಲೊಸ್ಟಮಿ. ಹೊಲಿಗೆಯ ಗುಂಪೇ ಚೆನ್ನಾಗಿ ಚೇತರಿಸಿಕೊಂಡಿತು. ಈ ಫಲಿತಾಂಶವನ್ನು ಎಲ್ಲರೂ ನೆನಪಿಟ್ಟುಕೊಂಡರು. ಜನ ಮರೆಯುವುದು ಉಳಿದ 129 ಮಂದಿಯನ್ನು. ಷರತ್ತಿಗೆ ಹೊಂದಲಿಲ್ಲವೆಂದು ಅವರನ್ನು ಮೊದಲೇ ಬದಿಗಿಟ್ಟು, ಎಲ್ಲರಿಗೂ ಕೊಲೊಸ್ಟಮಿಯನ್ನೇ ಮಾಡಿದ್ದರು. ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಜನ.

ಈಗ ಆ ಷರತ್ತುಗಳನ್ನು ನಮ್ಮ ರೋಗಿಯ ಪಕ್ಕ ಇಟ್ಟು ನೋಡಿ. ಗಾಯವಾಗಿ ಎಂಟು ಗಂಟೆಯೊಳಗೆ ಆಪರೇಷನ್ ಶುರುವಾಗಬೇಕು. ಇದರಲ್ಲಿ ಪೋಪ್ ಸುಲಭವಾಗಿ ಪಾಸು, ಮುಕ್ಕಾಲು ಗಂಟೆಯಲ್ಲೇ ಶುರುವಾಗಿತ್ತು. ಆಪರೇಷನ್‌ಗೆ ಮುಂಚೆ ಬಿ.ಪಿ. ಕುಸಿದಿರಬಾರದು. ಇಲ್ಲಿ ಫೇಲು. ಹೊಟ್ಟೆಯೊಳಗಿನ ರಕ್ತ 1 ಲೀಟರ್ ದಾಟಿರಬಾರದು. ಇವರದ್ದು ಸುಮಾರು 3 ಲೀಟರ್. ಹೊಟ್ಟೆಯಲ್ಲಿ ಮಲ ಹೆಚ್ಚು ಹರಡಿರಬಾರದು, ಬೇರೆ ಅಂಗಗಳಿಗೆ ಹೆಚ್ಚು ಪೆಟ್ಟಾಗಿರಬಾರದು ಎಂದೂ ಇತ್ತು. ಆದರೆ ಬಿ.ಪಿ. ಮತ್ತು ರಕ್ತದ ಷರತ್ತುಗಳಲ್ಲೇ ತೀರ್ಮಾನವಾಗಿಬಿಟ್ಟಿತ್ತು. ಹೊಲಿಗೆಯ ಪರವಾಗಿ ಆಗ ಬಂದಿದ್ದ ಅತಿ ಹೊಸ, ಅತಿ ಧೈರ್ಯದ ಅಧ್ಯಯನವೂ ಇಂಥ ರೋಗಿಗೆ ಕೊಲೊಸ್ಟಮಿಯನ್ನೇ ಹೇಳುತ್ತಿತ್ತು. ಹಾಗಾಗಿ ಕ್ರುಚಿಟ್ಟಿ ಹಳೇ ಪದ್ಧತಿಗೆ ಜೋತುಬಿದ್ದರು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರು ನೋಡಿದ್ದು ತೂತನ್ನಲ್ಲ, ತೂತು ಬಿದ್ದ ಮನುಷ್ಯನ ಆ ಹೊತ್ತಿನ ಸ್ಥಿತಿಯನ್ನು.

ಇದರ ಹಿಂದಿನ ಕಾರಣವೂ ಸರಳ. ರಕ್ತ ಕಡಿಮೆಯಾದಾಗ ದೇಹ ಇರುವ ರಕ್ತವನ್ನು ಮೆದುಳಿಗೂ ಹೃದಯಕ್ಕೂ ಉಳಿಸಿಕೊಳ್ಳುತ್ತದೆ. ಮೊದಲು ಕೈಬಿಡುವುದು ಕರುಳು ಮತ್ತು ಚರ್ಮವನ್ನು. ಬಿ.ಪಿ. ವಾಪಸ್ ಬಂದರೂ ಕರುಳಿನ ಅಂಚಿಗೆ ರಕ್ತ ಸರಿಯಾಗಿ ತಲುಪಲು ತಡವಾಗುತ್ತದೆ. ಆ ಅಂಚಿನಲ್ಲಿ ಹಾಕಿದ ಹೊಲಿಗೆ ಮಾಯಬೇಕಾದದ್ದೂ ಅದೇ ರಕ್ತದಿಂದ, ಅಲ್ವಾ?

ಉಳಿಸಿದ ರಕ್ತ, ಹಿಂದೆಯೇ ಬಂದ ಜ್ವರ

ಮೊದಲ ದಿನಗಳು ಚೆನ್ನಾಗಿಯೇ ಹೋದವು. ಮೇ 17ರ ಭಾನುವಾರ ಹಾಸಿಗೆಯಿಂದಲೇ ಧ್ವನಿಮುದ್ರಿಸಿದ ಸಂದೇಶದಲ್ಲಿ, ಗುಂಡು ಹೊಡೆದವನನ್ನು ಸಹೋದರ ಎಂದು ಕರೆದು ಕ್ಷಮಿಸಿದ್ದೇನೆ ಎಂದರು. ಜೂನ್ 3ಕ್ಕೆ ವ್ಯಾಟಿಕನ್‌ಗೆ ಮರಳಿದರು. ಆದರೆ ಜ್ವರ ಬಿಡಲಿಲ್ಲ. ಸುಸ್ತು, ಇಳಿದುಹೋದ ಮುಖ. ಜೂನ್ 20ಕ್ಕೆ ಮತ್ತೆ ಜೆಮೆಲ್ಲಿಗೆ.

ಕರುಳಿನ ಆಪರೇಷನ್ ಆದವರಿಗೆ ಜ್ವರ ಬಂದರೆ ಯಾರಿಗಾದರೂ ಮೊದಲು ಹೊಳೆಯುವುದು ಹೊಲಿಗೆ ಬಿಟ್ಟಿತೇ, ಹೊಟ್ಟೆಯಲ್ಲಿ ಕೀವು ಕಟ್ಟಿತೇ ಎಂಬುದು. ಹುಡುಕಿದರು. ಹೊಲಿಗೆಯದು ತಪ್ಪಿರಲಿಲ್ಲ. ಸಿಕ್ಕಿದ್ದು ಸೈಟೊಮೆಗಲೊವೈರಸ್, ಚಿಕ್ಕದಾಗಿ ಸಿಎಂವಿ. ಬಂದದ್ದು ಅವರಿಗೆ ಕೊಟ್ಟ ರಕ್ತದಿಂದ.

ಇದು ಬಹಳ ಜನರ ಮೈಯಲ್ಲಿ ತೆಪ್ಪಗೆ ಕೂತಿರುವ ವೈರಸ್. ರಕ್ತದ ಬಿಳಿ ಕಣಗಳಲ್ಲಿ ಅಡಗಿರುತ್ತದೆ. ರಕ್ತ ಕೊಟ್ಟವರಿಗೆ ಏನೂ ಆಗಿರುವುದಿಲ್ಲ, ಪಡೆದವರ ಮೈ ಸೋತಿದ್ದರೆ ಅಲ್ಲಿ ಎದ್ದುಕೊಳ್ಳುತ್ತದೆ. ಹಲವರ ರಕ್ತ, ಅದೂ ತಾಜಾ ರಕ್ತ ಪಡೆದಷ್ಟೂ ಅಪಾಯ ಜಾಸ್ತಿ. 1981ರಲ್ಲಿ ಇದಕ್ಕೆ ಔಷಧವೇ ಇರಲಿಲ್ಲ. ಗ್ಯಾನ್ಸಿಕ್ಲೊವಿರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಹಾಗಾಗಿ ಮಾಡಬಹುದಾಗಿದ್ದದ್ದು ಕಾಯುವುದು, ಊಟ ನೀರು ನೋಡಿಕೊಳ್ಳುವುದು ಅಷ್ಟೇ. ಈಗ ಎಷ್ಟೋ ಕಡೆ ಬಿಳಿ ಕಣಗಳನ್ನು ಸೋಸಿ ತೆಗೆದ ರಕ್ತವನ್ನೇ ಕೊಡುತ್ತಾರೆ, ಈ ತಾಪತ್ರಯ ಬಹಳ ಇಳಿದಿದೆ.

ಇದೇನೂ ಯಾರ ತಪ್ಪೂ ಅಲ್ಲ. ರಕ್ತ ಕೊಡದಿದ್ದರೆ ಅವರು ಆ ಸಂಜೆಯೇ ಹೋಗುತ್ತಿದ್ದರು. ಆದರೂ ದೊಡ್ಡ ಕರುಳಿನ ಗಾಯದ ಲೆಕ್ಕದಲ್ಲಿ ರಕ್ತದ ಬಾಟಲಿಗಳಿಗೆ ಒಂದು ಪ್ರತ್ಯೇಕ ಸಾಲು ಬೇಕು. ಮುಂದೆ ಬಂದ ಅಧ್ಯಯನಗಳಲ್ಲೂ ಕೊಟ್ಟ ರಕ್ತದ ಪ್ರಮಾಣ ಮತ್ತೆ ಮತ್ತೆ ತಲೆ ಎತ್ತಿತು.

ಮುಚ್ಚುವುದು ಯಾವಾಗ

‘ಇದು ಪರ್ಮನೆಂಟಾ ಡಾಕ್ಟ್ರೇ?’ ಕೊಲೊಸ್ಟಮಿ ಆದ ಪ್ರತಿ ಮನೆಯವರೂ ಕೇಳುವ ಮೊದಲ ಮಾತು ಇದು. ಗಾಯಕ್ಕಾಗಿ ಮಾಡಿದ್ದು ಬಹುತೇಕ ತಾತ್ಕಾಲಿಕವೇ. ಆದರೆ ಆ ತಾತ್ಕಾಲಿಕದ ದಿನಗಳು ಉದ್ದ. ಹೊಟ್ಟೆಯ ಮೇಲೆ ಕೆಂಪಗೆ, ಒದ್ದೆಯಾಗಿ ಕರುಳಿನ ಬಾಯಿ. ಮುಟ್ಟಿದರೆ ನೋವಿಲ್ಲ, ಕರುಳಿನ ಆ ಪದರಕ್ಕೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಯಾವಾಗ ಮಲ ಬರುತ್ತದೆ ಅನ್ನುವುದು ಕೈಯಲ್ಲಿಲ್ಲ, ಗಾಳಿ ಹೋಗುವ ಸದ್ದೂ ಕೈಯಲ್ಲಿಲ್ಲ. ಚೀಲದ ಅಂಟು ಸರಿಯಾಗಿ ಕೂರದಿದ್ದರೆ ಸುತ್ತಲಿನ ಚರ್ಮ ಕೆಂಪೇರಿ ಸುಲಿಯುತ್ತದೆ. ನಮ್ಮ ಕಡೆ ಬ್ಯಾಗಿನ ಖರ್ಚು ಬೇರೆ. ನೆಂಟರಿಷ್ಟರ ಮನೆಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಇದು ಸಣ್ಣ ವಿಷಯ ಅನ್ನುವವರು ಒಂದು ವಾರ ಕಟ್ಟಿಕೊಂಡು ನೋಡಲಿ.

ಪೋಪ್ ಅವರಿಗೂ ಅದು ಸಾಕಾಗಿತ್ತು. ವೈರಸ್‌ನಿಂದ ಸೊರಗಿದ ಮೈ ಇನ್ನಷ್ಟು ಚೇತರಿಸಿಕೊಳ್ಳಲಿ, ಕಾಯೋಣ ಎಂದು ವೈದ್ಯರಲ್ಲಿ ಕೆಲವರು ಹೇಳಿದರು. ಅವರು ಒಪ್ಪಲಿಲ್ಲ. ಅರ್ಧ ಗುಣವಾಗಿ ವ್ಯಾಟಿಕನ್‌ಗೆ ಹೋಗುವುದು ಬೇಡ, ಮುಚ್ಚಿಸಿಕೊಂಡೇ ಹೋಗುತ್ತೇನೆ ಎಂಬುದು ಅವರ ಹಟ. ರೋಗಿ ಬರೀ ಚಿಕಿತ್ಸೆ ಮಾಡಿಸಿಕೊಳ್ಳುವ ವಸ್ತು ಆಗಬಾರದು, ತೀರ್ಮಾನದಲ್ಲಿ ಅವನ ಮಾತೂ ಇರಬೇಕು ಎಂದು ವೈದ್ಯರ ಜೊತೆ ವಾದ ಮಾಡಿದರು. ಕೊನೆಗೆ ಅವರ ಮಾತೇ ನಡೆಯಿತು.

ಎಲ್ಲ ರೋಗಿಗಳ ಹಟವನ್ನೂ ಹೀಗೆ ಒಪ್ಪಬೇಕೆಂದಲ್ಲ. ಆದರೆ ಇಲ್ಲಿ ಲೆಕ್ಕ ಅವರ ಪರವೇ ಇತ್ತು. ಆಗಸ್ಟ್ 5, ಮತ್ತೆ ಒಂದು ಬುಧವಾರ, ಕೊಲೊಸ್ಟಮಿ ಮುಚ್ಚಿದರು. ಗುಂಡು ಬಿದ್ದು ಸರಿಯಾಗಿ 12 ವಾರ. ಸಾಮಾನ್ಯವಾಗಿ ಇಷ್ಟು ಕಾಲವೇ ಕಾಯುತ್ತಾರೆ. ಅದಕ್ಕೆ ಕಾರಣವಿದೆ. ಮೊದಲ ಆಪರೇಷನ್ ಆದ ಕೆಲವು ವಾರ ಹೊಟ್ಟೆಯೊಳಗೆ ಎಲ್ಲವೂ ಊದಿಕೊಂಡು ಒಂದಕ್ಕೊಂದು ಅಂಟಿರುತ್ತದೆ. ಆಗ ಕೈ ಹಾಕಿದರೆ ಬಿಡಿಸುವಾಗಲೇ ಕರುಳು ಹರಿಯುತ್ತದೆ. ಎರಡು ಮೂರು ತಿಂಗಳು ಕಳೆದರೆ ಆ ಅಂಟು ಮೆತ್ತಗಾಗುತ್ತದೆ. ಮುಚ್ಚುವ ಮುಂಚೆ ಕೆಳಗಿನ ಕರುಳಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು, ಸೋರಿಕೆಯೋ ಕಿರಿದಾದ ಜಾಗವೋ ಇಲ್ಲವಲ್ಲ ಅಂತ ನೋಡಿಕೊಳ್ಳುವುದು ವಾಡಿಕೆ. ಮುಚ್ಚುವುದು ಚಿಕ್ಕ ಆಪರೇಷನ್ ಅಂತ ಜನ ಅಂದುಕೊಳ್ಳುತ್ತಾರೆ. ಸಮಯ ಕಮ್ಮಿ ಹಿಡಿಯಬಹುದು, ಆದರೆ ಅದೂ ಕರುಳಿನ ಹೊಲಿಗೆಯೇ. ಸೋರಬಹುದು, ಕೀವಾಗಬಹುದು, ಆ ಜಾಗದಲ್ಲಿ ಹರ್ನಿಯಾ ಬರಬಹುದು. ಕೊಲೊಸ್ಟಮಿ ಬೇಡ ಎನ್ನುವವರ ಮುಖ್ಯ ವಾದವೇ ಇದು. ಆ ರಾತ್ರಿಯ ಅಪಾಯ ತಪ್ಪಿಸಲು ಹೋಗಿ ಮೂರು ತಿಂಗಳ ಮೇಲೆ ಇನ್ನೊಂದು ಅಪಾಯ ತಂದುಕೊಳ್ಳುತ್ತೀರಿ ಅನ್ನುತ್ತಾರೆ. ವಾದದಲ್ಲಿ ತೂಕ ಇದೆ.

ಪೋಪ್ ಆಗಸ್ಟ್ 14ಕ್ಕೆ ಮನೆಗೆ ಹೋದರು. ಆಮೇಲಿನ ಓಡಾಟ ಎಲ್ಲರಿಗೂ ಗೊತ್ತು. 1986ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗ ಮಂಗಳೂರಿಗೂ ಬಂದಿದ್ದರು.

ಇವತ್ತಾಗಿದ್ದರೆ

2001ರಲ್ಲಿ ಲಾಸ್ ಏಂಜಲೀಸ್‌ನ ಡೆಮೆಟ್ರಿಯಾಡಿಸ್ ಮತ್ತು ಹಲವು ಆಸ್ಪತ್ರೆಗಳ ಸರ್ಜನ್‌ಗಳು ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಗುಂಡೇಟು, ಇರಿತದಿಂದ ದೊಡ್ಡ ಕರುಳು ಎಷ್ಟು ಹಾಳಾಗಿತ್ತೆಂದರೆ ಕತ್ತರಿಸಲೇಬೇಕಾಗಿತ್ತು, ಅಂಥ 297 ರೋಗಿಗಳು. 197 ಜನರಿಗೆ ಕತ್ತರಿಸಿ ನೇರ ಜೋಡಿಸಿದ್ದರು, 100 ಜನರಿಗೆ ಹೊರಗೆ ತಂದಿದ್ದರು. ಹೊಟ್ಟೆಯೊಳಗಿನ ತೊಂದರೆಗಳನ್ನು ಎಣಿಸಿದರೆ ಎರಡೂ ಗುಂಪಿನಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತೊಂದರೆ ಜಾಸ್ತಿಯಾಗಿದ್ದು ಹೊಟ್ಟೆಯಲ್ಲಿ ಮಲ ತುಂಬ ಹರಡಿದ್ದವರಲ್ಲಿ, ಮೊದಲ 24 ಗಂಟೆಯಲ್ಲಿ 4 ಅಥವಾ ಅದಕ್ಕಿಂತ ಹೆಚ್ಚು ಯೂನಿಟ್ ರಕ್ತ ಬೇಕಾದವರಲ್ಲಿ, ಒಂದೇ ಬಗೆಯ ಆ್ಯಂಟಿಬಯಾಟಿಕ್ ಪಡೆದವರಲ್ಲಿ. ಅಂಥವರಿಗೆ ಜೋಡಿಸಿದರೂ ತೊಂದರೆ, ಹೊರಗೆ ತಂದರೂ ತೊಂದರೆ. ಹಾಗಿದ್ದ ಮೇಲೆ ಸುಮ್ನೆ ಯಾಕೆ ಬ್ಯಾಗು ಅನ್ನುವುದು ಇವತ್ತಿನ ವಾದ. ಚಾಕು ಇರಿತದ ಒಂದು ಸಣ್ಣ ತೂತು, ಗಟ್ಟಿಮುಟ್ಟಾದ ಹುಡುಗ, ಬಿ.ಪಿ. ಸರಿಯಿದೆ ಎಂದರೆ ಈಗ ಯಾರೂ ಕೊಲೊಸ್ಟಮಿ ಮಾಡಬಾರದು. ಇಲ್ಲಿ ನನಗೆ ಅನುಮಾನವೇ ಇಲ್ಲ.

ಪೋಪ್‌ರಂಥ ರೋಗಿಗೆ ಈಗ ಮೂರನೆಯದೊಂದು ದಾರಿಯಿದೆ. 1990ರ ದಶಕದಿಂದ ಬಳಕೆಗೆ ಬಂದದ್ದು. ಮೈ ತಣ್ಣಗಾಗಿ, ರಕ್ತ ಹೆಪ್ಪುಗಟ್ಟದೆ, ಬಿ.ಪಿ. ನಿಲ್ಲದೆ ಇರುವವರಲ್ಲಿ ಮೊದಲ ದಿನ ರಕ್ತ ನಿಲ್ಲಿಸುವುದು, ಹಾಳಾದ ಕರುಳನ್ನು ಸ್ಟೇಪ್ಲರ್‌ನಲ್ಲಿ ಎರಡೂ ಕಡೆ ಮುಚ್ಚಿ ಹಾಗೇ ಬಿಡುವುದು, ಹೊಟ್ಟೆ ಹೊಲಿಯದೆ ಮೇಲೊಂದು ತಾತ್ಕಾಲಿಕ ಹೊದಿಕೆ ಹಾಕಿ ಐಸಿಯುಗೆ ಕಳಿಸುವುದು. ಒಂದೆರಡು ದಿನದಲ್ಲಿ ಮೈ ಬೆಚ್ಚಗಾದ ಮೇಲೆ ವಾಪಸ್ ತಂದು, ಆಗ ಜೋಡಿಸುವುದೋ ಹೊರಗೆ ತರುವುದೋ ನಿರ್ಧರಿಸುವುದು. ಐದು ಗಂಟೆಯ ಆಪರೇಷನ್ ಒಂದೇ ಏಟಿಗೆ ಮುಗಿಸುವ ಬದಲು ಎರಡು ಕಂತು. ಒಳ್ಳೆಯ ಐಸಿಯು, ರಕ್ತನಿಧಿ, ಎರಡನೇ ದಿನಕ್ಕೂ ಸಿಗುವ ಥಿಯೇಟರ್ ಇರುವಲ್ಲಿ ಇದು ಚೆಂದ. ಇಲ್ಲದಿರುವಲ್ಲಿ ಬರೀ ಪುಸ್ತಕದ ಮಾತು. ನಮ್ಮ ತಾಲೂಕು ಮಟ್ಟದಲ್ಲಿ ಒಬ್ಬರೇ ಸರ್ಜನ್ ರಾತ್ರಿ ಎರಡು ಗಂಟೆಗೆ ಹೋರಿ ತಿವಿದು ಕರುಳು ಹೊರಬಂದವನನ್ನು ನೋಡುವಾಗ, ಕೊಲೊಸ್ಟಮಿ ಮಾಡಿ ಜಿಲ್ಲಾಸ್ಪತ್ರೆಗೆ ಕಳಿಸಿದರೆ ಅವರನ್ನು ಹಳಬರು ಎನ್ನುವುದು ನ್ಯಾಯವಲ್ಲ.

ಸವಲತ್ತು ಇದ್ದಲ್ಲೂ ಕೊಲೊಸ್ಟಮಿ ಸತ್ತಿಲ್ಲ. 2018ರ ಸೆಪ್ಟೆಂಬರ್ 6ರಂದು ಬ್ರೆಜಿಲ್‌ನ ಜ್ಯೂಯಿಸ್ ಜಿ ಫೋರಾ ಊರಿನಲ್ಲಿ ಚುನಾವಣಾ ಪ್ರಚಾರದ ನಡುವೆ ಅಧ್ಯಕ್ಷ ಹುದ್ದೆಯ ಅಭ್ಯರ್ಥಿ ಜೈರ್ ಬೊಲ್ಸೊನಾರೊ ಅವರಿಗೆ ಚಾಕು ಇರಿತವಾಯಿತು. ದೊಡ್ಡ ಕರುಳು, ಸಣ್ಣ ಕರುಳು, ಹೊಟ್ಟೆಯ ರಕ್ತನಾಳ ಎಲ್ಲಕ್ಕೂ ಪೆಟ್ಟು, ವಿಪರೀತ ರಕ್ತಸ್ರಾವ. ಅಲ್ಲಿನ ಸರ್ಜನ್‌ಗಳೂ ಕೊಲೊಸ್ಟಮಿಯನ್ನೇ ಮಾಡಿದರು. 2019ರ ಜನವರಿ 28ಕ್ಕೆ ಮುಚ್ಚಿದರು. ಅಲ್ಲಿಗೆ ಮುಗಿಯಲಿಲ್ಲ. ಹರ್ನಿಯಾ ಬಂತು. ಕರುಳು ಅಂಟಿಕೊಂಡು ದಾರಿ ಕಟ್ಟಿ ಮತ್ತೆ ಮತ್ತೆ ಆಸ್ಪತ್ರೆ ಸೇರಿದರು. 2025ರ ಏಪ್ರಿಲ್‌ನಲ್ಲಿ ಅಂಟು ಬಿಡಿಸುವ ಆಪರೇಷನ್ ಸುಮಾರು 12 ಗಂಟೆ ನಡೆಯಿತು. ಗಾಯ ಒಂದು ದಿನದ್ದು, ಹೊಟ್ಟೆಯೊಳಗಿನ ಅಂಟು ವರ್ಷಗಟ್ಟಲೆಯದು. ಡಿಸ್ಚಾರ್ಜ್ ಹೊತ್ತಿನಲ್ಲಿ ಇದನ್ನು ಮನೆಯವರಿಗೆ ಬಿಡಿಸಿ ಹೇಳುವುದು ಒಳ್ಳೆಯದು. ಹೊಟ್ಟೆ ಉಬ್ಬರ, ವಾಂತಿ, ಗಾಳಿಯೂ ಹೋಗುತ್ತಿಲ್ಲ ಎಂದಾದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮಲಗಬಾರದು.

ಪೋಪ್ ಹೊಟ್ಟೆಗೆ ಕ್ರುಚಿಟ್ಟಿ ಮತ್ತೆ ಕೈ ಹಾಕಬೇಕಾಗಿ ಬಂತು. ಗಾಯಕ್ಕೂ ಅದಕ್ಕೂ ಸಂಬಂಧವಿಲ್ಲ. 1992ರ ಜುಲೈ 15ರಂದು, ಅದೇ ಜೆಮೆಲ್ಲಿಯಲ್ಲಿ. ದೊಡ್ಡ ಕರುಳಿನ ಕೊನೆಯ ಬಾಗಿನಲ್ಲಿ ಒಂದು ದೊಡ್ಡ ಗಡ್ಡೆ ಬೆಳೆದಿತ್ತು, ಪಿತ್ತಕೋಶದಲ್ಲಿ ಕಲ್ಲೂ ಇದ್ದವು. ಈ ಸಲ ದಿನ ಮೊದಲೇ ಗೊತ್ತಿತ್ತು, ಬಿ.ಪಿ. ಸರಿಯಿತ್ತು. ರೋಗಿಗೆ 72 ವರ್ಷ, ಮೊದಲಿಗಿಂತ ಹನ್ನೊಂದು ವರ್ಷ ದೊಡ್ಡವರು. ಗಡ್ಡೆ ಇದ್ದ ಭಾಗವನ್ನು ತೆಗೆದು ಕರುಳನ್ನು ನೇರ ಜೋಡಿಸಿದರು. ಕೊಲೊಸ್ಟಮಿ ಬೇಕಾಗಲಿಲ್ಲ.